ಎಂಟು ರೂಪಾಯಿಯ ಹೊಲಿಗೆ ಯಂತ್ರ

ನಮ್ಮ ಸೋದರಮಾವನ ಮುಂದೆ ಬಾಯಿಮಾತಿಗೆಂದು ಏನನ್ನೂ ಹೇಳುವಂತಿರಲಿಲ್ಲ. ಆಡಿದ್ದು ಅಲ್ಲಿಯೇ ಕರಾರಾಗಿಬಿಡುತ್ತಿತ್ತು! ಹಂಸಭಾವಿಯ ಬೀಗರೊಬ್ಬರು ಒಮ್ಮೆ ಉಪಚಾರಕ್ಕೆ, ‘ಇದು ನಿಮ್ಮದ ಮನಿ ಅಂತ ತಿಳೀರಿ’ ಎಂದರು. ಮಾವ ತಿಳಿದರು. ಮರುದಿನ ನಡುಮನೆಯ ಮಂಚವನ್ನು ಗಾಳಿ ಬರುವ ಕಡೆಗೆ ಸರಿಸಿದರು. ಮೂರನೆಯ ದಿನ ಆ ಮನೆಗೆ ಬಂದ ಬೇರೆ ನೆಂಟರನ್ನು, ಜಾಗ ಸಾಲದೆಂದು ಹೇಳಿ ಹೊಸ್ತಿಲಿನಿಂದಲೇ ಕಳಿಸಿಕೊಟ್ಟರು!

ಇಂಥವರ ಕಣ್ಣಿಗೆ ಶಿಗ್ಗಾಂವದ ಅಂಗಡಿಯ ಆ ಚೀಟಿ ಬೀಳಬೇಕೆ? ಹೊಲಿಗೆ ಯಂತ್ರಕ್ಕೆ ಅಂಟಿಸಿದ್ದ ಚೀಟಿಯಲ್ಲಿ ‘ರೂ. ೮’ ಎಂದಿತ್ತು. ಎಂಬತ್ತರ ಸೊನ್ನೆ ಬಿಟ್ಟುಹೋಗಿತ್ತು. ಮಾವ ಎಂಟು ರೂಪಾಯಿ ಎಣಿಸಿಟ್ಟು, ಯಂತ್ರವನ್ನು ಗಾಡಿಗೆ ಹಾಕಿಸಿ ಎಂದರು. ಸವಣೂರಿನಿಂದ ಬಂದು ಅಂಗಡಿ ಇಟ್ಟಿದ್ದ ಸಾಹೇಬರು ಮೊದಲು ನಕ್ಕರು, ಆಮೇಲೆ ಚಹಾ ತರಿಸಿದರು, ಕೊನೆಗೆ ಕೈಮುಗಿದರು. ಮಾವ ಚಹಾ ಕುಡಿದು ಮುಗಿಸಿ, ‘ಬರದವರು ನೀವು, ಒಪ್ಪಿದಾಂವ ನಾನು. ಕರಾರು ಆತ್ರಿ’ ಎಂದರು.

ಸಾಹೇಬರು ಯಂತ್ರ ಕೊಡಲಿಲ್ಲ; ಮಾವ ದಾವೆ ಹೂಡಿಯೇಬಿಟ್ಟರು. ಜೊತೆಗಿದ್ದ ತಪ್ಪಿಗೆ ನಾನು ಸಾಕ್ಷಿ. ಕನ್ನಡ ಶಾಲೆಯ ಮಾಸ್ತರನಾದ ನನಗೆ ಎಂಟನ್ನು ಎಂಟೆಂದು ಓದಲು ಬರುತ್ತದೆಂದು ಕೋರ್ಟಿನಲ್ಲಿ ಪ್ರಮಾಣ ಮಾಡಿ ಹೇಳುವ ಯೋಗ ಬಂತು!

ಹಳೆಯ ಯಂತ್ರ, ಅದಕ್ಕೇ ಅಗ್ಗವೆಂದು ನಂಬಿದ್ದೆ ಎಂದಷ್ಟೇ ಹೇಳಿ ಎಂದು ವಕೀಲರು ಮಾವನಿಗೆ ದಾರಿಯುದ್ದಕ್ಕೂ ಪಾಠ ಮಾಡಿದ್ದರು. ಮುನಸೀಫರು ಒಂದೇ ಪ್ರಶ್ನೆ ಕೇಳಿದರು: ‘ಚೀಟಿ ನೋಡಿದಾಗ, ಬೆಲಿ ತಪ್ಪಿ ಬಿದ್ದೈತಿ ಅಂತ ನಿಮಗ ಅನಸಲಿಲ್ಲೇನು?’

ಮಾವ ಕಟಕಟೆ ಹಿಡಿದು ಹೇಳಿದರು:

‘ಅನಸಿತ್ರಿ. ನೋಡಿದ ಕೂಡ್ಲೆ ಅನಸಿತ್ತು.’

ವಕೀಲರು ಕಾಗದಗಳನ್ನು ಕಟ್ಟತೊಡಗಿದರು. ತಪ್ಪೆಂದು ಗೊತ್ತಿದ್ದೂ ಹಿಡಿದುಕೊಂಡ ಬೆಲೆ ಕರಾರಾಗದು ಎಂದು ಮುನಸೀಫರು ದಾವೆಯನ್ನು ವಜಾ ಮಾಡಿದರು.

ಹೊರಗೆ ಬಂದ ಮೇಲೆ ನನಗೆ ಸಿಟ್ಟು ತಡೆಯಲಾಗಲಿಲ್ಲ. ಇಷ್ಟು ಅಲೆದು ಕೊನೆಗೆ ಒಂದು ‘ಇಲ್ಲ’ ಅನ್ನಲಾಗಲಿಲ್ಲವೇ ಎಂದು ಕೇಳಿದೆ.

‘ಸುಳ್ಳು ಹೇಳಿ ತಂದರ ನಿಮ್ಮತ್ತಿ ಆ ಮಷೀನ ಮುಟ್ಟತಿದ್ದಿಲ್ಲೋ’ ಎಂದರು ಮಾವ. ‘ಅಕಿ ಕಣ್ಣು ಮಂಜಾಗ್ಯಾವು. ಸೂಜಿಗೆ ದಾರಾ ಏರಸಾಕ ಆಗವಲ್ದು. ಮಷೀನಿಗಾದರ ಮುಂಜಾನೆ ಒಮ್ಮೆ ನಾ ಏರಿಸಿಕೊಟ್ಟರ ದಿನಾ ಪೂರ್ತಿ ನಡೀತಿತ್ತು.’

ಅತ್ತೆ ಓಣಿಯವರ ಕುಪ್ಪಸಗಳನ್ನು ಕೈಯಲ್ಲೇ ಹೊಲಿದುಕೊಡುತ್ತಿದ್ದರು. ಅವರ ಕಣ್ಣಿನ ಸಂಗತಿ ನಮಗಾರಿಗೂ ತಿಳಿದಿರಲಿಲ್ಲ.

ಮರುದಿನ ಬೆಳಿಗ್ಗೆ ಹಿರೇಬೆಂಡಿಗೇರಿಯ ಅವರ ಮನೆಗೆ ಹೋದೆ. ಮಾವ ಕಟ್ಟೆಯ ಮೇಲೆ ಬಿಸಿಲಿಗೆ ಕುಳಿತು, ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ ಸೂಜಿಗಳಿಗೆ ಪೋಣಿಸುತ್ತಿದ್ದರು. ಪೋಣಿಸಿದ್ದನ್ನು ಮಗ್ಗುಲಿನ ಕೌದಿಯ ಅಂಚಿಗೆ ಚುಚ್ಚಿಡುತ್ತಿದ್ದರು. ಆಗಲೇ ಇಪ್ಪತ್ತಾಗಿದ್ದವು. ಅತ್ತೆ ದಾರ ಮುಗಿದ ಸೂಜಿಯನ್ನು ಅವರ ಮುಂದಿಟ್ಟು, ಕೈಯಿಂದಲೇ ತಡವಿ ಇನ್ನೊಂದನ್ನು ಎತ್ತಿಕೊಂಡರು.