ಸಂಶೋಧನೆಗೆ ನಾನು ಹಾಕಿದ ಉಪ್ಪು

ತೂತ್ತುಕುಡಿಯ ಉಪ್ಪಿನಾಗರಗಳಲ್ಲಿ ಬಿಸಿಲು ಕುಡಿದು ಬೆಳೆದ ಈ ಪೇಚಿಯಮ್ಮಾಳಿಗೆ ಉಪ್ಪು ತಿನ್ನುವುದನ್ನು ಕಲಿಸಲು ಜನ ಬಂದರು ಎಂದರೆ ನಂಬುತ್ತೀರಾ? ಬಂದರು! ಅದೂ ಜೀಪಿನಲ್ಲಿ!

ಬಂದವರು ಡಾಕ್ಟರ್ ಯಾಳಿನಿ ಮತ್ತು ಅವರ ಕಡೆಯವರು. ಸೋಡಿಯಂ ಕಡಿಮೆ ಇರುವ ಹೊಸ ಉಪ್ಪು ತಿಂದರೆ ಬಿ.ಪಿ. ಎಷ್ಟು ಇಳಿಯುತ್ತದೆ ಎಂದು ನೋಡುವ ಸಂಶೋಧನೆಯಂತೆ. ಅದಕ್ಕೆ ನಮ್ಮ ಇಡೀ ಬೀದಿಯನ್ನೇ ಆರಿಸಿದ್ದರು. (ಪಕ್ಕದ ಬೀದಿಗೆ ಹಳೆಯ ಉಪ್ಪೇ ಗತಿ. ಹೊಟ್ಟೆ ಉರಿದುಕೊಂಡರು.) ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನನ್ನ ಕಣ್ಣಿಗೆ ಪೊರೆ ಬಂದಿತ್ತು; ಬಿ.ಪಿ. ಇಳಿಯದೆ ಆಪರೇಷನ್ ಇಲ್ಲ ಎಂದು ಕಣ್ಣಿನ ಡಾಕ್ಟರು ಹಠ ಹಿಡಿದಿದ್ದರು. ಸಂಕ್ರಾಂತಿ ಬರುವ ತೈ ತಿಂಗಳಲ್ಲಿ ಮೊಮ್ಮಗಳ ಮದುವೆ. ಮಂಜಿನೊಳಗೆ ಯಾರೋ ಯಾರಿಗೋ ತಾಳಿ ಕಟ್ಟುವುದನ್ನು ನೋಡಲು ನಾನು ಇಷ್ಟು ಕಾಲ ಬದುಕಬೇಕಿತ್ತೇ?

“ಪಾಟಿ, ಮನೇಲಿ ಹಳೇ ಉಪ್ಪು ಒಂದು ಹರಳೂ ಉಳೀಬಾರದು” ಎಂದರು ಯಾಳಿನಿ. (ಪಾಟಿ ಎಂದರೆ ನಮ್ಮ ಕಡೆ ಅಜ್ಜಿ.)

“ಬೀದೀಲೇ ಉಳಿಯಲ್ಲ ತಾಯಿ! ಅದು ನನ್ನ ಜವಾಬ್ದಾರಿ!”

ಸೊಸೆ ಸೆಂದೂರ್‌ಕನಿ ಮೂಗು ಮುರಿದಳು. “ಅತ್ತೆ ಜವಾಬ್ದಾರಿ ತಗೊಂಡ್ರಾ? ಹಾಗಾದ್ರೆ ಕೆಟ್ಟಿತು ಬಿಡಿ.”

ಆಡಿ ತಿಂಗಳಲ್ಲಿ, ಅಂದರೆ ಆಷಾಢದ ಹೊತ್ತಿಗೆ, ಪರೀಕ್ಷೆ ಬಂತು. ಒಂದು ಹಗಲು, ಒಂದು ರಾತ್ರಿಯ ಮೂತ್ರವನ್ನೆಲ್ಲ ಕ್ಯಾನಿನಲ್ಲಿ ಹಿಡಿದು ಕೊಡಬೇಕು. ಕೊಟ್ಟೆವು. (ಜ್ಞಾನಕ್ಕಾಗಿ ಹೆಂಗಸರು ಏನೇನು ಸಹಿಸುತ್ತೇವೆ ನೋಡಿ!) ಫಲಿತಾಂಶ ಕೇಳಲು ಬೀದಿಯ ಹೆಂಗಸರೆಲ್ಲ ನಮ್ಮ ಮನೆ ಮುಂದೆ ನೆರೆದರು. ಅದನ್ನು ಹಿಡಿದು ಬಂದ ಯಾಳಿನಿಯವರ ಮುಖ ಸಪ್ಪಗಿತ್ತು. ಬೀದಿಯವರ ಬಿ.ಪಿ. ಒಂದಿಷ್ಟೂ ಕದಲಿರಲಿಲ್ಲ. ನನ್ನದಂತೂ ಏಣಿ ಹಾಕಿ ಮೇಲೇರಿತ್ತು.

“ಇವಳೇ! ಸಾರಿಗೆ ಕದ್ದು ಹಳೇ ಉಪ್ಪು ಹಾಕಿದಾಳೆ” ಎಂದೆ ಸೊಸೆಯ ಕಡೆ ಬೆರಳು ತೋರಿಸಿ.

“ನಿಮ್ಮ ನಾಲಿಗೆ ಉಪ್ಪಿನಾಗರದ ತಕ್ಕಡಿ ಅಂತೀರಲ್ಲ ಅತ್ತೆ, ಕದ್ದು ಹಾಕಿದ್ರೆ ಗೊತ್ತಾಗ್ತಿರ್ಲಿಲ್ವಾ?”

“ಜಗಳ ಬೇಡ” ಎಂದರು ಯಾಳಿನಿ. “ಪಾಟಿ, ಹಳೇ ಉಪ್ಪನ್ನ ಏನು ಮಾಡಿದ್ರಿ?”

“ಉಪ್ಪು ಅಂದ್ರೆ ಮಹಾಲಕ್ಷ್ಮಿ. ಕಸಕ್ಕೆ ಎಸೀತಾರಾ? ನೀರಲ್ಲಿ ಕರಗಿಸಿದೆ. ಇವರೆಲ್ಲ ಎಸೆಯೋಕೆ ಹೆದರ್ತಿದ್ರು. ಮನೆಮನೆಯಿಂದ ತರಿಸಿ ಕರಗಿಸಿದೆ!”

“ಸಂತೋಷ. ಆ ನೀರು?”

“ಮಹಾಲಕ್ಷ್ಮಿ ಕರಗಿದ ನೀರನ್ನ ಚರಂಡಿಗೆ ಸುರೀಲಾ? ಭರಣಿಗಳಿಗೆ ತುಂಬಿ ಮಾವಿನಕಾಯಿ ಮುಳುಗಿಸಿದೆ.”

ಯಾಳಿನಿ ಮೆಲ್ಲಗೆ ಜಗಲಿಯ ಮೇಲೆ ಕುಳಿತರು. “ಆ... ಮಾವಿನಕಾಯಿ?”

“ದಿನಾ ಗಂಜಿ ಜೊತೆ ನೆಂಚಿಕೊಳ್ತೀನಿ. ಅದೇನು ಉಪ್ಪಾ? ಕಾಯಿ! ಒಬ್ಬಳೇ ತಿನ್ನೋಕೆ ನಾನೇನು ಜಿಪುಣಿಯಾ? ಅವರವರ ಉಪ್ಪು ಅವರವರಿಗೇ ಸೇರಲಿ ಅಂತ ಬೀದಿಗೆಲ್ಲ ಹಂಚಿದೀನಿ!”

ಪಕ್ಕದ ಮನೆಯಾಕೆ ಜ್ಞಾನಪ್ಪೂ ಮೆಲ್ಲಗೆ ಸೆರಗಿನಿಂದ ಬಾಯಿ ಒರೆಸಿಕೊಂಡಳು.

“ಎಲ್ಲಾ ಮೊದಲಿಂದ ಶುರು ಮಾಡಬೇಕು” ಎಂದರು ಯಾಳಿನಿ.

“ಅಯ್ಯೋ, ಮತ್ತೆ ಕ್ಯಾನಾ?” ಎಂದು ಹೆಂಗಸರೆಲ್ಲ ಒಟ್ಟಿಗೆ ಚೀರಿ ನನ್ನ ಕಡೆ ತಿರುಗಿದರು. ಆ ನೋಟ! ಆವತ್ತೇ ಭರಣಿಗಳನ್ನು ಹೊತ್ತು ಸಮುದ್ರಕ್ಕೆ ಸುರಿದು ಬಂದರು. (ಮಹಾಲಕ್ಷ್ಮಿ ತವರು ಸೇರಿದಳು.) ಅಲ್ಲಿಂದ ಶುರುವಾಯಿತು ನನ್ನ ಸೆರೆವಾಸ. ಬೆಳಿಗ್ಗೆ ಜ್ಞಾನಪ್ಪೂ ಬಂದು ನನ್ನ ಗಂಜಿಯ ರುಚಿ ನೋಡುವಳು. ಮಧ್ಯಾಹ್ನ ಎದುರು ಮನೆಯವಳು ಸಾರು ನೆಕ್ಕುವಳು. ಅಪ್ಪಳ ಸುಟ್ಟ ವಾಸನೆ ಬಂದರೆ ಸಾಕು, ಕಿಟಕಿಯಲ್ಲಿ ತಲೆಗಳ ಸಾಲು! “ಅತ್ತೆ, ಬಾಯಿ ತೆಗೀರಿ” ಎಂದು ಇಡೀ ಬೀದಿ ನನ್ನನ್ನು ಅತ್ತೆ ಎನ್ನತೊಡಗಿತು.

ಬಿ.ಪಿ. ಇಳಿಯಿತು. ಇಳಿಯದೆ ಏನು ಮಾಡೀತು, ಅದಕ್ಕೂ ಹೆದರಿಕೆ ಇರುತ್ತದೆ! ಮದುವೆಗೆ ಮೊದಲೇ ಆಪರೇಷನ್ನೂ ಆಯಿತು. ಕಣ್ಣಿನ ಡಾಕ್ಟರು ಪಟ್ಟಿ ಬಿಚ್ಚಿ, “ಬಾಗಿಲ ಕಡೆ ನೋಡಿ ಪಾಟಿ. ಏನು ಕಾಣುತ್ತೆ?” ಎಂದರು.

ನೋಡಿದೆ. ಕನ್ನಡಿಯಷ್ಟು ಸ್ವಚ್ಛವಾಗಿ ಕಂಡಿತು. ನನ್ನ ಬಾಯಿಯನ್ನೇ ದಿಟ್ಟಿಸುತ್ತ ಬೀದಿಗೆ ಬೀದಿಯೇ ನಿಂತಿತ್ತು.

“ಸೊಸೆಯರು, ಡಾಕ್ಟರೇ” ಎಂದೆ. “ಆಪರೇಷನ್ನಿಗೆ ಮುಂಚೆ ಒಬ್ಬಳೇ ಇದ್ದಳು!”