ಪಾಸಾಗಿ ಕೆಟ್ಟ ಕಾಜಾ ಅಜ್ಜಿ

ಕಾಜಾ ಅಜ್ಜಿಗೆ ಮೇಡಂ ಮೇಲೆ ಬಂದ ಸಿಟ್ಟು ನ್ಯಾಯವಾದದ್ದೇ. ದೊಡ್ಡವರ ಅಕ್ಷರ ತರಗತಿಯ ಮೊದಲ ದಿನವೇ ಆ ಹುಡುಗಿ (ಮೇಡಂ ಆದರೇನು, ಅಜ್ಜಿಯ ಕಣ್ಣಿಗೆ ಹುಡುಗಿಯೇ) ಘೋಷಿಸಿಬಿಟ್ಟಿದ್ದಳು: ಓದು ಒಳಗಿನಿಂದ ಬರಬೇಕು, ಯಾರೂ ಹೇಳದೆ ತಾವಾಗಿ ಕೂರಬೇಕು, ಮನೆಪಾಠ ಮಾಡದವರ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಲಾಗುವುದು.

ಹೆಸರು ಹೋಗುವ ಮಾತು ಕೇಳಿ ಅಜ್ಜಿ ಬೆದರಿದಳು. ಅವಳು ಅಲ್ಲಿಗೆ ಹೋದದ್ದು ಅಕ್ಷರದ ಆಸೆಗಲ್ಲ. ದರ್ಜಿ ಗಂಡನ ಪಕ್ಕದಲ್ಲಿ ನಲವತ್ತು ವರ್ಷ ಕೂತು, ಅಂಗಿಯಲ್ಲಿ ಗುಂಡಿ ತೂರುವ ತೂತಿಗೆ ಅಂಚು ಕಟ್ಟಿದವಳು. ಕಾಜಾ ಎಂಬ ಬಿರುದು ಬಂದದ್ದು ಹಾಗೆ. ಗಂಡ ಹೋಗಿ ಎರಡು ವರ್ಷ. ಆಮೇಲೆ ಮನೆಯಲ್ಲಿ ಅವಳ ಜೊತೆ ಮಾತಾಡುತ್ತಿದ್ದುದು ಸೋರುವ ನಲ್ಲಿಯೊಂದೇ. ಅದರ ಬಾಯನ್ನೂ ರಿಪೇರಿಯವನು ಬಂದು ಮುಚ್ಚಿಸಿ ಹೋದ. ವಾರಕ್ಕೆ ಮೂರು ಸಂಜೆ, ಹತ್ತು ಜನ, ಒಂದು ಬೆಂಚು, ನಡುವೆ ಒಂದು ಲೋಟ ಚಹಾ. ಇಂಥ ಸಾಮ್ರಾಜ್ಯವನ್ನು ಮನೆಪಾಠದ ಸೋಮಾರಿತನಕ್ಕೆ ಕಳೆದುಕೊಳ್ಳುವುದುಂಟೇ?

ಆದರೆ ಒಳಗಿನಿಂದ ಓದು ಬರಲಿಲ್ಲ, ಆಕಳಿಕೆ ಬಂತು. ಪುಸ್ತಕ ತೆರೆದರೆ ಕಪಾಟಿನ ಧೂಳು ಕಾಣಿಸುತ್ತಿತ್ತು. ಅದನ್ನು ಒರೆಸಿದರೆ ಕಿಟಕಿಯ ಸರಳು ಕರೆಯುತ್ತಿತ್ತು. ಮೂರು ದಿನದಲ್ಲಿ ಮನೆ ಥಳಥಳ, ತಲೆ ಖಾಲಿ.

ನಾಲ್ಕನೇ ದಿನ ಮಹಾ ಯುಕ್ತಿಯೊಂದು ಹೊಳೆಯಿತು. ಒಂದು ಅಂಗಿಗೆ ಏಳು ಕಾಜಾ. ಏಳೂ ಮುಗಿಯುವ ತನಕ ಅವಳು ಜಾಗ ಬಿಟ್ಟು ಕದಲಿದವಳಲ್ಲ. ಹಾಗಾದರೆ ಏಳು ಸಾಲು ಬರೆದರೆ ಒಂದು ಅಂಗಿ. ಬೆಳಿಗ್ಗೆ ಒಂದಂಗಿ, ಮಧ್ಯಾಹ್ನ ಒಂದಂಗಿ. ಒಂದಕ್ಷರ ಸೊಟ್ಟಗಾದರೆ ಇಡೀ ಸಾಲು ಬಿಚ್ಚಬೇಕು, ಅಂದರೆ ಅಳಿಸಿ ಮತ್ತೆ ಬರೆಯಬೇಕು. ಇನ್ನು ಗಂಡನ ಹಾಗೆ ಅವಸರಪಡಿಸುವವರು ಬೇಕಲ್ಲ? ಅದನ್ನೂ ಅವಳೇ ವಹಿಸಿಕೊಂಡಳು.

"ಆಯ್ತೇನೇ?" ಎಂದು ಗಂಡನ ದಪ್ಪ ದನಿಯಲ್ಲಿ ಗದರುವಳು.

"ಆಗ್ತಾ ಇದೆ ಕಣ್ರೀ, ಕೈಗೆ ಚಕ್ರ ಕಟ್ಕೊಂಡಿದೀನಾ?" ಎಂದು ತನ್ನ ದನಿಯಲ್ಲಿ ಸಿಡುಕುವಳು.

ಕೆಲವು ದಿನ ಜಗಳ ಜೋರಾಗಿ ಗಂಡನೇ ಗೆದ್ದುಬಿಡುತ್ತಿದ್ದ. (ಬದುಕಿದ್ದಾಗ ಪಾಪ, ಒಮ್ಮೆಯೂ ಗೆದ್ದವನಲ್ಲ.) ಆ ದಿನ ಅಜ್ಜಿ ಪುಸ್ತಕ ಮುಚ್ಚಿಬಿಡುತ್ತಿದ್ದಳು.

ಐದು ತಿಂಗಳಲ್ಲಿ ಹತ್ತಿರ ಹತ್ತಿರ ಮುನ್ನೂರು ಅಂಗಿ ತಯಾರಾದವು. ಒಂದು ಸಂಜೆ ಮೇಡಂ ಅವಳ ನೋಟ್‌ಬುಕ್ ಎತ್ತಿ ಎಲ್ಲರಿಗೂ ತೋರಿಸಿ, ಶಿಸ್ತು ಎಂದರೆ ಇದು ಎಂದು ಹೊಗಳಿ, ಮುಂದಿನ ವಾರ ಅಜ್ಜಿಗೆ ಪರೀಕ್ಷೆ ಎಂದಳು. ಅದು ಮುಗಿದ ಮೇಲೇನು ಎಂದು ಅಜ್ಜಿ ಕೇಳಿದಳು.

"ಆಮೇಲೇನಜ್ಜಿ, ಸರ್ಟಿಫಿಕೇಟು ತಗೊಂಡು ಆರಾಮಾಗಿ ಮನೇಲಿರಿ. ನಿಮ್ಮ ಜಾಗಕ್ಕೆ ಹೊಸಬರು ಬರ್ತಾರೆ."

ಅಜ್ಜಿಗೆ ಬಾಯಲ್ಲಿದ್ದ ಚಹಾ ಕಹಿಯಾಯಿತು. ಪಕ್ಕದಲ್ಲಿ ಕೂರುತ್ತಿದ್ದ ಇಸ್ತ್ರಿಯಣ್ಣ ಕಿಸಕ್ಕೆಂದ. ಅವನೂ ಒಂಟಿ ಜೀವ. ದಿನವಿಡೀ ಊರವರ ಬಟ್ಟೆಗೆ ಇಸ್ತ್ರಿ ತಿಕ್ಕಿ ಸಂಜೆ ಇಲ್ಲಿಗೆ ಬರುವವನು.

"ಮೂರು ವರ್ಷದಿಂದ ಒತ್ತಕ್ಷರದಲ್ಲೇ ನಿಂತಿದೀನಿ ಅಜ್ಜಿ. ಬರಲ್ಲ ಅಂತ ನಿಂತಿದೀನಾ?" ಎಂದು ಪಿಸುಗುಟ್ಟಿದ. ಮನೆಪಾಠ ತಪ್ಪದೆ ಮಾಡಬೇಕು, ತಪ್ಪು ತಪ್ಪಾಗಿ ಮಾಡಬೇಕು. ಆಗ ಹೆಸರೂ ಹೋಗುವುದಿಲ್ಲ, ಪಾಸೂ ಆಗುವುದಿಲ್ಲ ಎಂಬ ಗುಟ್ಟನ್ನೂ ಬಿಟ್ಟುಕೊಟ್ಟ. ಇದನ್ನು ಐದು ತಿಂಗಳ ಮೊದಲೇ ಬೊಗಳಬಾರದಿತ್ತೇ ಎಂದು ಅಜ್ಜಿ ಹಲ್ಲು ಕಡಿದಳು.

ಪರೀಕ್ಷೆಯ ದಿನ ಫೇಲಾಗುವ ದೃಢಸಂಕಲ್ಪದಿಂದ ಹೊರಟಳು. ಪ್ರತಿ ಸಾಲಿನಲ್ಲಿ ಎರಡು ತಪ್ಪು ಎಂದು ದಾರಿಯುದ್ದಕ್ಕೂ ಜಪಿಸಿದಳು. ಮೊದಲ ತಪ್ಪನ್ನು ಸರಿಯಾಗಿಯೇ ಮಾಡಿದಳು. ಆದರೆ ಆ ಸೊಟ್ಟ ಅಕ್ಷರ ಗಿರಾಕಿಯ ಎದೆಯ ಮೇಲೆ ನೂಲು ಬಿಚ್ಚಿ ನೇತಾಡುವ ಕಾಜಾದಂತೆ ಅವಳನ್ನೇ ನೋಡತೊಡಗಿತು. ತಡೆದಳು, ತಡೆದಳು, ಆಮೇಲೆ ಅದೊಂದನ್ನು ಮಾತ್ರ ತಿದ್ದೋಣ ಎಂದುಕೊಂಡಳು. ಗಂಟೆ ಹೊಡೆದಾಗ ಹಾಳೆಯಲ್ಲಿ ಒಂದು ತಪ್ಪೂ ಉಳಿದಿರಲಿಲ್ಲ.

ಸರ್ಟಿಫಿಕೇಟು ಹಿಡಿದು ಅಜ್ಜಿ ಅತ್ತದ್ದನ್ನು ಮೇಡಂ ಆನಂದಬಾಷ್ಪ ಎಂದು ತಿಳಿದಳು. ಅಜ್ಜಿ ಮಾನ ಬಿಟ್ಟು, ಮೂಲೆಯಲ್ಲಿ ಕೂರಲು ಜಾಗ ಕೊಡಿ ಎಂದು ಕೇಳಿಯೇ ಬಿಟ್ಟಳು. ಮೇಡಂ ತುಸು ಯೋಚಿಸಿ ಅಪ್ಪಣೆ ಕೊಡಿಸಿದಳು: ಇಸ್ತ್ರಿಯಣ್ಣನಿಗೆ ಹೇಳಿಕೊಡಲಿ, ಅವನು ಪಾಸಾಗುವವರೆಗೆ ಬರಲಿ.

ಇಬ್ಬರೂ ಮುಖ ಮುಖ ನೋಡಿಕೊಂಡರು. ಇದು ಜೀವಮಾನದ ನೌಕರಿ.

"ಅಜ್ಜಿ, ಚೆನ್ನಾಗಿ ಮಾತ್ರ ಹೇಳಿಕೊಡಬೇಡಿ, ನಿಮ್ಮ ದಮ್ಮಯ್ಯ," ಎಂದ ಅವನು.

ಒಂದು ವಾರ ಸುಖವಾಗಿ ಕಳೆಯಿತು. ಅವನು ತಪ್ಪು ಬರೆಯುವನು, ಅವಳು ಬೇರೆ ಕಡೆ ನೋಡುವಳು, ಇಬ್ಬರೂ ಚಹಾ ಕುಡಿಯುವರು. ಎರಡನೇ ವಾರ ಮೇಡಂ ಹಿಂದೆ ಬಂದು ನಿಂತು, ಇಷ್ಟು ದಿನದಲ್ಲಿ ಏನಾದರೂ ಸುಧಾರಿಸಿದೆಯೇ ಎಂದು ಕೇಳಿದಳು. ನೌಕರಿ ಉಳಿಸಿಕೊಳ್ಳುವ ಭರದಲ್ಲಿ ಅಜ್ಜಿ ಬಾಯಿಬಿಟ್ಟಳು.

"ಎಲ್ಲಿ ಮೇಡಂ. ಇವನ ಸಾಲು ನೋಡಿ, ಬರೀ ಸುಕ್ಕು. ಇದನ್ನ ನೆಟ್ಟಗೆ ಮಾಡೋದು ಇವನ ಕೈಲಿ ಈ ಜನ್ಮಕ್ಕಿಲ್ಲ."

ಇಸ್ತ್ರಿಯಣ್ಣನ ಕಿವಿ ಕೆಂಪಾಯಿತು. ಇಪ್ಪತ್ತು ವರ್ಷದಲ್ಲಿ ಅವನ ಕೆಲಸದಲ್ಲಿ ಸುಕ್ಕು ಇದೆ ಎಂದವರಿರಲಿಲ್ಲ.

"ಯಾರಿಗೆ ಸುಕ್ಕು ಅಂತೀರಿ?" ಎನ್ನುತ್ತ ನೋಟ್‌ಬುಕ್ ಎಳೆದುಕೊಂಡು, ತುಟಿ ಕಚ್ಚಿ, ಒಂದೇ ಉಸಿರಿಗೆ ಪುಟ ತುಂಬ ಬರೆದು ತಿರುಗಿಸಿಟ್ಟ. ಒತ್ತಕ್ಷರಗಳೆಲ್ಲ ಮಡಿಕೆ ಹಾಕಿದ ಅಂಗಿಯಂತೆ ನೆಟ್ಟಗೆ ಕೂತಿದ್ದವು.

ಮೇಡಂ ಚಪ್ಪಾಳೆ ತಟ್ಟಿದಳು. ಮುಂದಿನ ವಾರ ಇವನಿಗೂ ಪರೀಕ್ಷೆ ಎಂದು ಅವಳು ಸಾರಿದಾಗ, ಬೆಂಚಿನ ಮೇಲೆ ಇಬ್ಬರ ಬಾಯಲ್ಲಿದ್ದ ಚಹಾವೂ ಕಹಿಯಾಯಿತು.