ಪಡಸಾಲೆಗಷ್ಟೇ ಸುಣ್ಣ

ಮನೆಗೆ ಸುಣ್ಣ ಹಚ್ಚಿಸುವುದೇನು ಮಹಾ ವಿದ್ಯೆ? ಆಗ ನಾನು ಹಾಗೇ ತಿಳಿದಿದ್ದೆ. ಮೆಟ್ರಿಕ್ ಪಾಸಾದವನು, ಬೆಳಗಾವಿಯ ಶಹಾಪುರ ಪೇಟೆಯ ಸೀರೆ ಅಂಗಡಿಯಲ್ಲಿ ಕಾರಕೂನ. ದಿನವಿಡೀ ಗಿರಾಕಿಗಳ ಚೌಕಾಸಿ ಕೇಳಿ ಪಳಗಿದ ಕಿವಿ ನನ್ನದು. ಈ ಮುದಿವಯಸ್ಸಿನಲ್ಲಿ ನಿಜ ಒಪ್ಪಿಕೊಂಡರೆ ಯಾರೂ ಕೂಲಿ ಹೆಚ್ಚು ಕೇಳಲಾರರೆಂಬ ಧೈರ್ಯದಿಂದ ಇದನ್ನು ಬರೆಯುತ್ತಿದ್ದೇನೆ.

ಬೆಳಗಾವಿಯಲ್ಲಿ ದೊಡ್ಡ ಅಧಿವೇಶನ ನಡೆದ ವರ್ಷವದು. ಬರುವ ಅತಿಥಿಗಳಿಗಾಗಿ ಊರೆಲ್ಲ ಮನೆಗೆ ಸುಣ್ಣ ಹಚ್ಚಿಸುವವರೇ. ಸುಣ್ಣದವರ ದರ ಮಾಳಿಗೆ ಏರಿ ಕುಳಿತಿತ್ತು! ಅಂಥ ಹೊತ್ತಿನಲ್ಲೇ ನಮ್ಮ ಹಿರಿಮಗಳು ಗಂಗೂಳನ್ನು ನೋಡಲು ಗುರುವಾರ ಬರುತ್ತೇವೆಂದು ಖಾನಾಪುರದ ವರನ ಕಡೆಯವರು ಹೇಳಿಕಳಿಸಿದರು. ಮೊದಲೇ ಎರಡು ಸಂಬಂಧ ತಪ್ಪಿಹೋಗಿದ್ದವು. ಇದೂ ತಪ್ಪಿದರೆ ಮಗಳ ಮುಖ ನೋಡುವ ಧೈರ್ಯ ನನಗಿರಲಿಲ್ಲ. ನನಗೆ ರಜೆ ಸಿಗದೆ, ಅವರ ಮನೆ ನೋಡಿಬರಲು ಹೆಂಡತಿಯ ತಮ್ಮನನ್ನು ಕಳಿಸಿದ್ದೆ. ಅವನು ಬಂದು, “ಗ್ವಾಡಿ ಅಂದ್ರ ಹಾಲು ಬಿಡ್ರಿ!” ಎಂದಿದ್ದ. ನಮ್ಮ ಪಡಸಾಲೆಯ ಗೋಡೆಯೋ, ಮಳೆಗಾಲದ ಹಸಿಗೆ ಹಪ್ಪಳದಂತೆ ಎದ್ದಿತ್ತು.

ಪೀರನವಾಡಿಯ ಭರಮಪ್ಪನೆಂಬ ಸುಣ್ಣದವನಿಗೆ ಬುಧವಾರ ಮುಂಜಾನೆ ಬರಲು ಹೇಳಿಕಳಿಸಿದೆ. ಹೆಸರು ಕೇಳಿದ್ದೆ, ಮುಖ ಕಂಡಿರಲಿಲ್ಲ.

ನನ್ನ ಸಂಶೋಧನೆಯ ಪ್ರಕಾರ ಸುಣ್ಣದ ದರವನ್ನು ನಿರ್ಧರಿಸುವುದು ಗೋಡೆಯ ಎತ್ತರವಲ್ಲ, ಹಸಿಯಲ್ಲ, ಯಜಮಾನನ ಅಂಗಿ! ಆದ್ದರಿಂದ ಗಡಿಯಾರ, ಕುರ್ಚಿ, ಹಿತ್ತಾಳೆ ಹಂಡೆ ಎಲ್ಲವನ್ನೂ ಬಾಜೂ ಮನೆಗೆ ಸಾಗಿಸಿ, ಹರಿದ ಧೋತರ ಉಟ್ಟು ಸಿದ್ಧನಾದೆ. ಗಡಿಯಾರವಿದ್ದ ಜಾಗದಲ್ಲಿ ಮಾತ್ರ ಬೆಳ್ಳನೆಯ ಗುರುತು ಉಳಿಯಿತು. ಅದಕ್ಕೆ ಬೆನ್ನು ಕೊಟ್ಟು ನಿಂತೆ.

“ನಾಳೆ ಶ್ರೀಮಂತ, ಇವತ್ತ ಭಿಕಾರಿ! ಯಾವ ಕಂಪನಿ ನಾಟಕರೀ ಇದು?” ಎಂದಳು ಹೆಂಡತಿ ಅಂಬಕ್ಕ.

“ಸುಮ್ಕಿರು. ವ್ಯವಹಾರ ನಿನಗ ತಿಳಿಯೂದಿಲ್ಲ.”

ಅವಳು ಒಳಗೆ ಹೋದಳು. ಬಾಗಿಲಲ್ಲಿ ಒಬ್ಬಾತ ಕಾಣಿಸಿಕೊಂಡ. ರುಮಾಲಿನಿಂದ ಚಪ್ಪಲಿಯವರೆಗೆ ಮೈಯೆಲ್ಲ ಸುಣ್ಣದ ಪುಡಿ! ಬಂದವನೇ ಗೋಡೆಯ ಮೇಲೆ ಕೈಯಾಡಿಸಿದ, ಕತ್ತೆತ್ತಿ ತೊಲೆಗಳನ್ನು ನೋಡಿದ. ಇನ್ನೇನು ಸಾಕ್ಷಿ ಬೇಕು?

“ನಾನು...” ಎಂದು ಬಾಯಿ ತೆರೆದ.

“ಗೊತ್ತೈತಿ, ಬಾರಪಾ.” ಮೊದಲು ದರ ಹೇಳಲು ಅವನನ್ನು ಬಿಡಬಾರದಲ್ಲ! “ನಾವು ಬಡವರು. ಹಳೇ ಸುಣ್ಣ ಕೆರಿಯೂದು ಬ್ಯಾಡ, ಅದರ ಮ್ಯಾಲೇ ಒಂದ ಸಲ ಬಳದಬಿಡು. ಅದೂ ಪಡಸಾಲಿಗೆ ಅಷ್ಟ.”

“ಒಳಗ?”

“ಒಳಗ ಯಾರ ನೋಡ್ತಾರ? ನಾಳೆ ಖಾನಾಪುರದವರು ಹುಡುಗಿ ನೋಡಾಕ ಬರ್ತಾರ. ಅವಲಕ್ಕಿ ತಿಂದು ಚಹಾ ಕುಡಿಯೂತನಕ ಗ್ವಾಡಿ ತಡದ್ರ ಸಾಕು.”

“ಹೌದಾ? ಆಮ್ಯಾಲೆ ಉದುರಿದ್ರ?”

“ಲಗ್ನ ಆದಮ್ಯಾಲೆ ಉದುರ್ಲಿ ಬಿಡು! ಕಟ್ಟಿಗಿ ವ್ಯಾಪಾರದವರು ಅವರು. ಸುಣ್ಣದಾಗ ಅವರಿಗೇನ ತಿಳಿತೈತಿ?”

ಆತ ಗೋಡೆಯ ಮೇಲಿನ ಕೈ ತೆಗೆದ. ಅದನ್ನು ದರ ಇಳಿಯುವ ಲಕ್ಷಣವೆಂದು ನಾನು ತಿಳಿದೆ!

ಅಷ್ಟರಲ್ಲಿ ನಿಚ್ಚಣಿಕೆ ಹೊತ್ತು ಇನ್ನೊಬ್ಬ ಬಂದ. “ನಾ ಭರಮಪ್ಪರಿ, ಪೀರನವಾಡಿಯಾಂವ” ಎಂದವನೇ ಮೊದಲು ಬಂದಿದ್ದಾತನನ್ನು ಕಂಡು ನಿಚ್ಚಣಿಕೆ ಇಳಿಸಿ ಕೈಮುಗಿದ. “ಅಯ್ಯ! ಖಾನಾಪುರದ ಸಾವಕಾರ್ರು! ನೀವು ಇಲ್ಲಿ?”

ವರನ ತಂದೆ! ಪೇಟೆಯ ಕೆಲಸವಿದೆಯೆಂದು ಒಂದು ದಿನ ಮುಂಚೆಯೇ ಬಂದಿದ್ದರು. ಟಾಂಗಾ ಬಾಡಿಗೆ ಉಳಿಸಲು ಸ್ಟೇಶನ್ನಿನಿಂದ ಸುಣ್ಣದ ಚೀಲ ಹೇರಿದ ಚಕ್ಕಡಿ ಹತ್ತಿದ್ದರು. ಒಳಗೆ ಗಂಗೂಳ ಬಳೆಯ ಸದ್ದು ನಿಂತುಹೋಯಿತು.

“ಸುಣ್ಣದಾಗ ನಮಗೇನೂ ತಿಳಿಯೂದಿಲ್ಲ, ಅಲ್ಲ?” ಎಂದ ಸಾವಕಾರರು ಧೋತರ ಝಾಡಿಸಿ ಹೊರಟೇಬಿಟ್ಟರು.

ಭರಮಪ್ಪನಿಗೆ ಇದಾವುದೂ ಗೊತ್ತಿಲ್ಲ. ಹಳೇ ಗಿರಾಕಿ ಸಿಕ್ಕ ಖುಷಿ ಅವನಿಗೆ. “ಸಾವಕಾರ್ರ, ನಿಮ್ಮ ಪಡಸಾಲಿ ಸುಣ್ಣ ಇನ್ನೂ ನಿಂತೈತೇನ್ರಿ? ಹೆಣ್ಣಿನವರು ಬಂದುಹೋಗೂತನಕ ತಡದ್ರ ಸಾಕು, ಒಳಗ ಬ್ಯಾಡ ಅಂದಿದ್ರಿ!”

ಸಾವಕಾರರ ಕಾಲು ಹೊಸ್ತಿಲಲ್ಲೇ ನಿಂತಿತು. ಸುಣ್ಣದ ನಡುವೆಯೂ ಕಿವಿ ಕೆಂಪಾದದ್ದು ಕಾಣಿಸಿತು.

ಅಂಬಕ್ಕ ತಂಬಿಗೆಯಲ್ಲಿ ನೀರು ಹಿಡಿದು ಹೊರಬಂದಳು. “ಕುಂದರ್ರಿ ಬೀಗರ. ಎರಡೂ ಮನಿ ಒಳಗ ಒಂದ ಥರಾ ಅದಾವಂತಾತು. ಹುಡುಗಿಗೆ ಅಲ್ಲೇನೂ ಹೊಸದ ಅನಸೂದಿಲ್ಲ.”

ಸಾವಕಾರರು ನಕ್ಕರು. ನಗೆಗೆ ಮೀಸೆಯಿಂದ ಸುಣ್ಣ ಹಾರಿತು. ಕುರ್ಚಿಯಿಲ್ಲದ್ದರಿಂದ ಚಾಪೆಯ ಮೇಲೇ ಕುಳಿತು, “ಹುಡುಗಿನ ಕರೀರಿ. ತಾಯಿಯಂಗ ಮಾತಾಡ್ತಾಳೋ ಏನು ನೋಡೂಣು” ಎಂದರು. ನಾನು ಬಿಟ್ಟ ನಿಟ್ಟುಸಿರಿಗೆ ಗೋಡೆಯಲ್ಲಿ ಉಳಿದಿದ್ದ ಸುಣ್ಣವೂ ಉದುರಿತು!

ಗಂಗೂ ಬಂದು ಎರಡು ಮಾತಾಡುವುದರೊಳಗೆ ಸಂಬಂಧ ಕುದುರಿತು. ಭರಮಪ್ಪ ಕೆಮ್ಮಿದ. “ಅಂದ್ರ ಇದು ಲಗ್ನದ ಮನಿ ಆತು. ಲಗ್ನದ ಮನಿ ದರ ಬ್ಯಾರೆ ಐತ್ರಿ.”

ನಾನು ಚೌಕಾಸಿ ಮಾಡಲಿಲ್ಲ. ಹಳೆಯದನ್ನೆಲ್ಲ ಕೆರೆದು ಒಳಗೂ ಹೊರಗೂ ಹಚ್ಚೆಂದೆ. ಮುಂದಿನ ಮಾತುಕತೆಯ ಅಧಿಕಾರವನ್ನು ಅಂಬಕ್ಕ ವಹಿಸಿಕೊಂಡಳು. ನನಗೆ ಹಿತ್ತಲಲ್ಲಿ ಸುಣ್ಣ ಕಲಸುವ ಹುದ್ದೆ ದೊರೆಯಿತು. ಅಲ್ಲೂ ಬುದ್ಧಿ ಓಡಿಸಿದೆ. ಬಿಳುಪು ಹೆಚ್ಚಲಿ ಎಂದು, ಅಡುಗೆಮನೆಯ ಸುಣ್ಣಕ್ಕೆ ಚಿಟಿಕೆ ನೀಲಿ ಹಾಕಬೇಕಾದಲ್ಲಿ ಪೊಟ್ಟಣವನ್ನೇ ಸುರಿದೆ. ಲಗ್ನಕ್ಕೆ ಬಂದವರೆಲ್ಲ ನಮ್ಮ ನೀಲಿ ಅಡುಗೆಮನೆ ನೋಡಿ, “ಯಾರು ಹಚ್ಚಿದ್ರೀ ಇದನ್ನ?” ಎಂದು ಕೇಳುವವರೇ. ಊಟಕ್ಕೆ ಬಂದಿದ್ದ ಭರಮಪ್ಪ ತನ್ನ ಹೆಸರು ಕೆಡಬಾರದೆಂದು, ಎಲೆಯ ಮುಂದಿನಿಂದ ಎದ್ದೆದ್ದು ನನ್ನನ್ನೇ ತೋರಿಸುತ್ತಿದ್ದ!